ಪಾಸ್ ತಪ್ಪಿದರೆ ಯಾರಿಗೆ ಬೈಯಬೇಕು?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಪಾಸ್ ನೆಲಕ್ಕೆ ಬಿತ್ತು ಅಂದರೆ ಸಾಕು, ಅರ್ಧ ಜನ ಚೆಂಡು ಎಸೆದ ಕ್ವಾರ್ಟರ್‌ಬ್ಯಾಕ್‌ಗೆ ಬೈಯುತ್ತಾರೆ, ಉಳಿದವರು ಅದನ್ನು ಹಿಡಿಯಬೇಕಿದ್ದ ರಿಸೀವರ್‌ಗೆ. ರೀಪ್ಲೇ ಬರುವ ತನಕ ಸ್ವಲ್ಪ ತಡೆದುಕೊಳ್ಳಿ.

ರೀಪ್ಲೇಯಲ್ಲಿ ಮೊದಲು ಚೆಂಡನ್ನು ನೋಡಬೇಡಿ, ಎಸೆಯುವವನ ಕಾಲು ನೋಡಿ. ಅವನಿಗೆ ಸಾಮಾನ್ಯವಾಗಿ ಸಿಗುವುದೇ ಎರಡೂವರೆ, ಮೂರು ಸೆಕೆಂಡ್. ಅಷ್ಟರಲ್ಲಿ ಎದುರಾಳಿ ನುಗ್ಗಿ ಬಂದು, ಮುಂಗಾಲು ಊರಿ ಎಸೆಯುವುದಕ್ಕೆ ಜಾಗವೇ ಇಲ್ಲದಿದ್ದರೆ ತಪ್ಪು ಅವನನ್ನು ಕಾಯಬೇಕಾದ ಲೈನ್‌ನವರದು, ಜಗಳ ಅಲ್ಲಿಗೇ ಮುಗಿಯಿತು.

ಕಾಲು ಸರಿಯಾಗಿ ಊರಿದ್ದನಾ? ಹಾಗಾದರೆ ಈಗ ರಿಸೀವರ್‌ನ ಎದೆ ನೋಡಿ. ಓಡುತ್ತಿರುವವನಿಗೆ ಚೆಂಡು ಎದೆಯ ಮುಂದೆ ಬರಬೇಕು, ವೇಗ ಕಡಿಮೆ ಮಾಡದೆ ಹಿಡಿಯುವ ಹಾಗೆ. ಬೆನ್ನ ಹಿಂದೆ ಬಂದರೆ ಅವನು ಮೈ ತಿರುಚಿ, ಹಾರಿ, ಆಮೇಲೆ ಕೈ ಚಾಚಬೇಕು. ಕೈಗೆ ತಾಗಿತ್ತಲ್ಲ, ಹಿಡಿಯಬೇಕಿತ್ತು ಅನ್ನುವವರು ಇದನ್ನೇ ಮರೆಯುತ್ತಾರೆ.

2012ರ ಫೆಬ್ರವರಿಯ ಸೂಪರ್ ಬೌಲ್, ಅಂದರೆ ಅಮೆರಿಕದ ಲೀಗ್‌ನ ಫೈನಲ್, ನೆನಪಿದೆಯಾ? ಜೈಂಟ್ಸ್ ವಿರುದ್ಧ ಪೇಟ್ರಿಯಟ್ಸ್ 17-15ರಿಂದ ಮುಂದಿತ್ತು, ಆಟ ಮುಗಿಯಲು ಸುಮಾರು 4 ನಿಮಿಷ. ಪೇಟ್ರಿಯಟ್ಸ್ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಎಸೆದ ಚೆಂಡು ರಿಸೀವರ್ ವೆಸ್ ವೆಲ್ಕರ್‌ನ ಹಿಂಬದಿಯ ಭುಜದ ಕಡೆಗೆ ಹೋಯಿತು. ಅವನು ಗಾಳಿಯಲ್ಲೇ ತಿರುಗಿದ, ಎರಡೂ ಕೈಗೆ ತಾಗಿತು, ಜಾರಿತು. ಜೈಂಟ್ಸ್ 21-17ರಿಂದ ಗೆದ್ದಿತು. ಹಿಡಿಯಬೇಕಿತ್ತು ಅಂತ ವೆಲ್ಕರ್ ತಾನೇ ಒಪ್ಪಿಕೊಂಡ. ಆದರೂ ನನ್ನ ಪ್ರಕಾರ ಜಾಸ್ತಿ ಪಾಲು ಎಸೆತದ್ದೇ, ಯಾಕೆಂದರೆ ಅವನ ಸುತ್ತ ಜಾಗ ಬೇಕಾದಷ್ಟಿತ್ತು, ಎದೆ ಮುಂದೆ ಹಾಕಿದ್ದರೆ ತಿರುಗುವ ಕಷ್ಟವೇ ಇರುತ್ತಿರಲಿಲ್ಲ.

ಇನ್ನು ಕೆಲವು ಸಲ ಚೆಂಡು ಯಾರೂ ಇಲ್ಲದ ಕಡೆ ಹೋಗಿ ಬೀಳುತ್ತದೆ. ಥೂ, ಏನು ಎಸೆತ ಅನಿಸುತ್ತದೆ, ಅಲ್ವಾ? ಕೆಲವು ರೂಟ್‌ಗಳಲ್ಲಿ (ರಿಸೀವರ್ ಓಡಬೇಕು ಅಂತ ಮೊದಲೇ ಗೊತ್ತುಮಾಡಿದ ದಾರಿಗಳಲ್ಲಿ) ಎದುರಾಳಿ ಡಿಫೆನ್ಸ್ ನೋಡಿಕೊಂಡು ನಿಲ್ಲಬೇಕೋ ಓಡಬೇಕೋ ಅಂತ ರಿಸೀವರ್ ಆ ಕ್ಷಣದಲ್ಲೇ ನಿರ್ಧರಿಸಬೇಕು, ಕ್ವಾರ್ಟರ್‌ಬ್ಯಾಕ್ ಕೂಡ ಅದನ್ನೇ ಊಹಿಸಿ ಎಸೆಯುತ್ತಾನೆ. ಒಬ್ಬ ನಿಂತ, ಇನ್ನೊಬ್ಬ ಓಡುತ್ತಾನೆ ಅಂದುಕೊಂಡ, ಅಷ್ಟೇ. ಯಾರು ತಪ್ಪು ಓದಿದರು ಅಂತ ಟಿವಿ ನೋಡಿ ಹೇಳುವುದಕ್ಕೆ ಆಗುವುದಿಲ್ಲ, ಇಂಥ ಪಾಸ್ ಬಗ್ಗೆ ವಾದಕ್ಕೆ ಇಳಿಯಬೇಡಿ.

ಇಂಟರ್‌ಸೆಪ್ಷನ್ (ಪಾಸನ್ನು ಎದುರಾಳಿ ಹಿಡಿದುಬಿಡುವುದು) ಲೆಕ್ಕ ಹಿಡಿದು ಬರುವವರಿಗೂ ಒಂದು ಮಾತು. ರಿಸೀವರ್ ಕೈಗೆ ಬಡಿದು ಪುಟಿದ ಚೆಂಡನ್ನು ಎದುರಾಳಿ ಹಿಡಿದರೂ ಅದು ಬರೆಯಲ್ಪಡುವುದು ಕ್ವಾರ್ಟರ್‌ಬ್ಯಾಕ್ ಹೆಸರಿಗೇ. ಎಷ್ಟು ಅಂತ ಎಣಿಸುವ ಮೊದಲು ಒಂದೊಂದೂ ಹೇಗಾಯಿತು ಅಂತ ನೋಡಿ.