ಗಜನಿಯಲ್ಲಿ ಕಗ್ಗ ಬಿತ್ತಿದ್ದು

ನಮ್ಮದು ಕುಮಟಾ ಕಡೆ, ಅಘನಾಶಿನಿ ಅಳಿವೆಯ ಒಳಗಿನ ಅರ್ಧ ಎಕರೆ ಗಜನಿ, ಅಂದರೆ ಸಮುದ್ರದ ಉಪ್ಪುನೀರು ನುಗ್ಗುವ ತಗ್ಗು ಗದ್ದೆ. 90ರ ದಶಕದಲ್ಲಿ ಸಿಗಡಿ ಸಾಕುವ ಆಸೆಗೆ ಭತ್ತ ಬಿಟ್ಟವರಲ್ಲಿ ನಮ್ಮಪ್ಪನೂ ಒಬ್ಬ. ಸಿಗಡಿಗೆ ರೋಗ ಬಂತು, ಸಾಲ ಉಳಿಯಿತು, ಗದ್ದೆ ಪಾಳು ಬಿತ್ತು. ಉಪ್ಪು ತಾಳುವ ನಮ್ಮ ಕಡೆಯ ಹಳೆಯ ಭತ್ತ ಕಗ್ಗವನ್ನು ಬಿತ್ತುತ್ತೇನೆ ಅಂದಾಗ ಅಮ್ಮ ನಕ್ಕಳು. ಕಾಡಿ ಬೇಡಿ ಎರಡು ಕೊಳಗ ಬೀಜ ತಂದೆ.

ಮೊದಲ ವರ್ಷ ಕೆಟ್ಟಿತು. ಉಪ್ಪುನೀರಿಗೆ ಹೇಳಿ ಮಾಡಿಸಿದ ಭತ್ತವಲ್ಲವೇ ಎಂಬ ಧೈರ್ಯದಿಂದ ಎರಡು ಮಳೆ ಬಿದ್ದ ಕೂಡಲೇ ಮೊಳಕೆ ಚೆಲ್ಲಿಬಿಟ್ಟಿದ್ದೆ. ಅದರ ಮೇಲೆ ಮಳೆ ಕೈಕೊಟ್ಟಿತು. ವಾರದೊಳಗೆ ಎಲೆಯ ತುದಿ ಬಿಳಿಚಿ ಸುರುಟಿ ಎಲ್ಲ ಹೋಯಿತು. ಕಗ್ಗಕ್ಕೂ ಎಳೆಯ ಸಸಿಯಲ್ಲಿ ಮತ್ತು ಹೂ ಬಿಡುವಾಗ ಉಪ್ಪು ಕಷ್ಟವೇ. ನಡುವಿನ ದಿನಗಳಲ್ಲಿ ಮಾತ್ರ ಅದು ಗಟ್ಟಿಗ. ಸಾಮಾನ್ಯ ಭತ್ತವಂತೂ ಮಣ್ಣಿನ ಉಪ್ಪನ್ನು ಅಳೆಯುವ ವಿದ್ಯುತ್ ವಾಹಕತೆ ಮೀಟರಿಗೆ 3 ಡೆಸಿಸೀಮನ್ಸ್ ದಾಟಿದರೆ ಇಳುವರಿ ಬಿಟ್ಟುಕೊಡುತ್ತದೆ.

ಮರುವರ್ಷ ಬೇಸಿಗೆಯಲ್ಲೇ ಉತ್ತು ಒಣಗಲು ಬಿಟ್ಟೆ. ಮಳೆ ಹಿಡಿದ ಮೇಲೆ ಇಳಿತದ ಹೊತ್ತಿಗೆ ಏರಿಯಲ್ಲಿರುವ ನೀರಿನ ಬಾಗಿಲು, ಜಂತ್ರಡಿ, ಎತ್ತಿ ನೀರು ಹೊರಗೆ, ಭರತ (ಉಬ್ಬರ) ಬರುವ ಮೊದಲು ಮುಚ್ಚುವುದು. ಹೀಗೆ ದಿನವೂ ಗದ್ದೆಯ ಉಪ್ಪು ತೊಳೆಯಿತು. ಅಮಾವಾಸ್ಯೆ ಹುಣ್ಣಿಮೆಯ ದೊಡ್ಡ ಭರತಕ್ಕೆ ರಾತ್ರಿ ಬ್ಯಾಟರಿ ಹಿಡಿದು ಏರಿ ಕಾಯುವುದು. ಏರಿಯ ವೈರಿ ಸಮುದ್ರವಲ್ಲ, ಏಡಿ! ಒಂದು ಬಿಲ ಸಾಕು, ಬೆಳಗಾಗುವುದರಲ್ಲಿ ಬೊಗಸೆ ಅಗಲದ ತೂತು. ಪಕ್ಕದವನ ಏರಿ ಸೋರಿದರೂ ನನ್ನ ಗದ್ದೆಗೇ ನೀರು. ಹಾಗಾಗಿ ಈ ಕೆಲಸ ಒಬ್ಬನಿಗೆ ಆಗುವುದಲ್ಲ. ನಾಲ್ಕು ಮನೆ ಸೇರಿ ಏರಿಗೆ ಕೆಸರು ಮೆತ್ತಿದೆವು. ನೀರು ನಾಲಿಗೆಗೆ ಸಪ್ಪೆ ಎನಿಸಿದ ಮೇಲೆಯೇ ಮೊಳಕೆ ಎಸೆದದ್ದು. ಅಮ್ಮನ ನಾಲಿಗೆಯೇ ನಮ್ಮ ಮೀಟರು.

ಗೊಬ್ಬರ ಹಾಕಲಿಲ್ಲ. ನೆರೆ ತರುವ ಮೆಕ್ಕಲು, ಬೇಸಿಗೆಯಲ್ಲಿ ಮೀನು ಬಿಟ್ಟು ಹೋದ ಕೊಳೆ, ಅಷ್ಟೇ. ಒಂದು ಸಲ ಪೈರು ಮೂರು ದಿನ ಮುಳುಗಿತ್ತು, ಸತ್ತೇ ಹೋಯಿತೆಂದುಕೊಂಡೆ. ನೀರು ಇಳಿದಾಗ ಮತ್ತೆ ತಲೆ ಎತ್ತಿತು.

ದೀಪಾವಳಿ ಹೊತ್ತಿಗೆ ಮೊಣಕಾಲುದ್ದದ ಕೆಸರಿನಲ್ಲಿ ನಿಂತು ಕೊಯ್ದೆವು. ತೆನೆ ಮಾತ್ರ. ಹುಲ್ಲು ಅಲ್ಲೇ ಬಿಟ್ಟೆವು, ಮೀನಿಗೆ ಬೇಕು. ಸಿಕ್ಕಿದ್ದು ನಾಲ್ಕೇ ಚೀಲ. ಪೇಟೆ ಭತ್ತದ ಲೆಕ್ಕ ಇಟ್ಟವರು ನಗಬಹುದು. ಆ ಕೆಂಪಕ್ಕಿ ಗಂಜಿಗೆ ಅಮ್ಮ ಮಾತಿಲ್ಲದೆ ಎರಡನೇ ಸಲ ಬಡಿಸಿಕೊಂಡಳು.

ಕೊಯ್ಲು ಮುಗಿದ ಮರುದಿನ ಜಂತ್ರಡಿ ಎತ್ತಿ ಉಪ್ಪುನೀರನ್ನು ಒಳಗೆ ಬಿಟ್ಟೆ. ಈಗ ಸಂಜೆ ಬಲೆಗೆ ಶೆಟ್ಲಿ (ಸಿಗಡಿ), ನೊಗಲಿ ಮೀನು ಬೀಳುತ್ತಿವೆ. ಒಂದು ಚೀಲ ಬೀಜಕ್ಕೆಂದು ಕಟ್ಟಿಟ್ಟಿದ್ದೇನೆ. ಅದರಲ್ಲಿ ಅರ್ಧವನ್ನು ಪಕ್ಕದ ಗದ್ದೆಯವನು ಆಗಲೇ ಕೇಳಿ ಹೋಗಿದ್ದಾನೆ.