ಟಾಮ್ ಹೋರನ್ ಬಗ್ಗೆ ಬರೆಯಲು ನಾನು ಹುಡುಕಿದ ದಾರಿ

ಹಳೇ ಕಾಲದ ಕ್ರಿಕೆಟ್ ಆಟಗಾರರ ಬಗ್ಗೆ ಬರೆಯುವಾಗ ನಾನು ಸ್ಕೋರ್‌ಕಾರ್ಡ್‌ನಿಂದಲೇ ಶುರು ಮಾಡುವುದು. ಟಾಮ್ ಹೋರನ್ ವಿಷಯದಲ್ಲೂ ಹಾಗೇ ಮಾಡಿದೆ. 15 ಟೆಸ್ಟ್, 471 ರನ್, ಒಂದೇ ಶತಕ. ಇಷ್ಟೇ ಆಗಿದ್ದರೆ ಮುಂದಿನ ಹೆಸರಿಗೆ ಹೋಗಿಬಿಡುತ್ತಿದ್ದೆ. ಆದರೆ ಹುಟ್ಟಿದ್ದು ಐರ್ಲೆಂಡಿನ ಕಾರ್ಕ್ ಕೌಂಟಿಯ ಮಿಡಲ್ಟನ್‌ನಲ್ಲಿ, ಆಡಿದ್ದು ಆಸ್ಟ್ರೇಲಿಯಾ ಪರ, ಅದೂ 1877ರ ಮೊಟ್ಟಮೊದಲ ಟೆಸ್ಟ್‌ನಲ್ಲಿ! (ಅದೇ ತಂಡದಲ್ಲಿದ್ದ ಬ್ರಾನ್ಸ್‌ಬಿ ಕೂಪರ್ ಹುಟ್ಟಿದ್ದು ಕರಾಚಿಯಲ್ಲಿ.)

ಮೆಲ್ಬರ್ನ್‌ನ ಆ ಪಂದ್ಯದಲ್ಲಿ ಹೋರನ್ ಹೊಡೆದದ್ದು 12 ಮತ್ತು 20. ಈಗಿನ ಲೆಕ್ಕದಲ್ಲಿ ಏನೂ ಅಲ್ಲ, ಅಲ್ವಾ? ಆದರೆ ಎರಡನೇ ಇನಿಂಗ್ಸ್‌ನಲ್ಲಿ ಇಡೀ ತಂಡವೇ 104ಕ್ಕೆ ಮುಗಿದಿತ್ತು, ಆ 20ಕ್ಕಿಂತ ಜಾಸ್ತಿ ಯಾರೂ ಹೊಡೆದಿರಲಿಲ್ಲ. ಅದಕ್ಕೇ ಒಬ್ಬರ ರನ್ ಬರೆದುಕೊಂಡಾಗ ಪಕ್ಕದಲ್ಲೇ ತಂಡದ ಮೊತ್ತವನ್ನೂ ಬರೆದಿಡುತ್ತೇನೆ. ಓವರ್‌ಗೆ ಆಗ ನಾಲ್ಕೇ ಎಸೆತ. ಬೌಲಿಂಗ್ ಅಂಕಿ ನೋಡುವಾಗ ಇದನ್ನು ಮರೆಯಬಾರದು.

ನಿಜವಾದ ಸರಕು ಸಿಕ್ಕಿದ್ದು ಟ್ರೋವ್‌ನಲ್ಲಿ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಈ ತಾಣದಲ್ಲಿ ಹಳೇ ಪತ್ರಿಕೆಗಳನ್ನು ಪುಕ್ಕಟೆಯಾಗಿ ಓದಬಹುದು. ಹೋರನ್ ಸರ್ಕಾರಿ ಆಡಿಟ್ ಕಚೇರಿಯ ನೌಕರ. ಜೊತೆಗೆ 1879ರಿಂದ 1916ರಲ್ಲಿ ತೀರಿಕೊಳ್ಳುವವರೆಗೂ 'ದಿ ಆಸ್ಟ್ರಲೇಷಿಯನ್' ವಾರಪತ್ರಿಕೆಗೆ 'ಫೆಲಿಕ್ಸ್' ಹೆಸರಲ್ಲಿ ಅಂಕಣ ಬರೆದರು. ಹಾಗಾಗಿ ಹೋರನ್ ಅಂತ ಹುಡುಕಿದರೆ ಅವರ ಆಟ ಸಿಗುತ್ತದೆ, ಫೆಲಿಕ್ಸ್ ಅಂತ ಹುಡುಕಿದರೆ ಅವರ ಮಾತು. ಸುಮ್ನೆ ಆ ಹೆಸರು ಹಾಕಿದರೆ ಸಂಬಂಧವಿಲ್ಲದ್ದೆಲ್ಲ ಬಂದು ಬೀಳುತ್ತದೆ. ಮೊದಲು ಪತ್ರಿಕೆ, ಆಮೇಲೆ ವರ್ಷ ಆರಿಸಿಕೊಳ್ಳಬೇಕು. ಪತ್ರಿಕೆ ಬರುತ್ತಿದ್ದುದು ಶನಿವಾರ, ಆದ್ದರಿಂದ ಪಂದ್ಯ ಮುಗಿದ ನಂತರದ ಸಂಚಿಕೆಗಳನ್ನೂ ತೆರೆದು ನೋಡುತ್ತೇನೆ.

ಪುಟದ ಪಕ್ಕದಲ್ಲಿ ಕಂಪ್ಯೂಟರ್ ಓದಿ ಕೊಟ್ಟ ಅಕ್ಷರಗಳಿರುತ್ತವೆ. ಅವನ್ನು ನಂಬಿ ಅಂಕಿ ಎತ್ತಿಕೊಳ್ಳಬೇಡಿ. ಸಣ್ಣ ಅಚ್ಚಿನಲ್ಲಿ 3 ಹೋಗಿ 8 ಆಗುತ್ತದೆ. ಪುಟದ ಚಿತ್ರವನ್ನೇ ದೊಡ್ಡದು ಮಾಡಿ ನೋಡುವುದು ವಾಸಿ. ತಪ್ಪಿದ್ದ ಸಾಲನ್ನು ನಾವೇ ತಿದ್ದಬಹುದು. ನಾನು ಓದಿದ ಸಾಲುಗಳನ್ನು ತಿದ್ದಿಯೇ ಮುಂದೆ ಹೋಗುತ್ತೇನೆ.

1882ರಲ್ಲಿ ಲಂಡನ್‌ನ ಓವಲ್ ಮೈದಾನದ ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾ ಇಂಗ್ಲೆಂಡನ್ನು 7 ರನ್‌ನಿಂದ ಸೋಲಿಸಿತು. ಹೋರನ್ ಗಳಿಸಿದ್ದು 3 ಮತ್ತು 2. ಆದರೆ ಆ ಕೊನೇ ಗಳಿಗೆಯ ಬಿಗುವಿಗೆ ನೋಡುಗನೊಬ್ಬ ಕುಸಿದು ಸತ್ತ, ಇನ್ನೊಬ್ಬ ಛತ್ರಿಯ ಹಿಡಿಯನ್ನು ಹಲ್ಲಿಂದ ಕಚ್ಚಿ ಚೂರು ಚೂರು ಕಿತ್ತ ಅಂತ ಬರೆದವರು ಇದೇ ಫೆಲಿಕ್ಸ್. ಛತ್ರಿಯ ಮಾತನ್ನು ನಾನು 'ಫೆಲಿಕ್ಸ್ ಹೇಳುವಂತೆ' ಅಂತಲೇ ಬರೆದೆ. ಆಟಗಾರನೇ ವರದಿಗಾರನಾದರೆ ಸ್ವಲ್ಪ ಉಪ್ಪು ಖಾರ ಬೀಳುವುದು ಸಹಜ.

ಅವರು ನಾಯಕರಾದ ಕಥೆಯಲ್ಲಿ ದುಡ್ಡಿನ ಜಗಳವಿದೆ. 1885ರ ಜನವರಿಯಲ್ಲಿ, ಹಿಂದಿನ ಟೆಸ್ಟ್ ಆಡಿದ್ದ ಆಸ್ಟ್ರೇಲಿಯಾ ಆಟಗಾರರು ಟಿಕೆಟ್ ಹಣದಲ್ಲಿ ಅರ್ಧ ಪಾಲು ಕೇಳಿದರು, ಸಿಗಲಿಲ್ಲ. ಹನ್ನೊಂದು ಮಂದಿಯೂ ಬದಲಾದರು. ಹೋರನ್ ನಾಯಕರಾಗಿ 10 ವಿಕೆಟ್‌ಗಳಿಂದ ಸೋತರು. ಮುಂದಿನ ತಿಂಗಳು ಸಿಡ್ನಿಯಲ್ಲಿ, ಬ್ಯಾಟ್ಸ್‌ಮನ್ ಅಂತಲೇ ಹೆಸರಾಗಿದ್ದ ಇವರು 40 ರನ್‌ಗೆ 6 ವಿಕೆಟ್ ಕಿತ್ತರು. ಟೆಸ್ಟ್‌ಗಳಲ್ಲಿ ಅವರಿಗೆ ಸಿಕ್ಕಿದ್ದೇ ಒಟ್ಟು 11. ಆ ಪಂದ್ಯ ಆಸ್ಟ್ರೇಲಿಯಾಕ್ಕೆ ದಕ್ಕಿದ್ದು ಬರೀ 6 ರನ್‌ನಿಂದ.

ಈಗ ಡಬ್ಲಿನ್‌ನ ಲೀಲಂಡ್ ಹೋನ್ ಹಿಂದೆ ಬಿದ್ದಿದ್ದೇನೆ. ಇಂಗ್ಲೆಂಡಿನ ಒಂದು ಕೌಂಟಿ (ಜಿಲ್ಲಾ) ತಂಡಕ್ಕೂ ಆಡದೆ 1879ರಲ್ಲಿ ಇಂಗ್ಲೆಂಡಿನ ವಿಕೆಟ್‌ಕೀಪರ್ ಆದವರು. ಒಂದೇ ಟೆಸ್ಟ್, 7 ಮತ್ತು 6 ರನ್. ಎದುರು ತಂಡದಲ್ಲಿ ಹೋರನ್ ಇದ್ದರು, ಹಾಗಾಗಿ ಮತ್ತೆ ಫೆಲಿಕ್ಸ್‌ನ ಅಂಕಣಗಳಿಂದಲೇ ಶುರು ಮಾಡಿದ್ದೇನೆ.