ಚಾಪೆಲ್ ಹಡಗಿನ ಏಣಿ ಇಳಿಯುವ ಬಗೆ

ಕಾರವಾರದಲ್ಲಿ ಹೆದ್ದಾರಿ 66ರ ಪಕ್ಕ, ಟ್ಯಾಗೋರ್ ಕಡಲತೀರದ ಚಾಪೆಲ್ ಯುದ್ಧನೌಕೆ ಸಂಗ್ರಹಾಲಯ ನೋಡುವವರು ಒಳಗಿನ ಕಡಿದಾದ ಏಣಿಗಳನ್ನು ಇಳಿಯುವಾಗ ಏಣಿಗೇ ಮುಖ ಮಾಡಿ ಇಳಿಯಿರಿ, ಬ್ಯಾಗು ಗಾಡಿಯಲ್ಲೇ ಬಿಡಿ. ಮನೆ ಮೆಟ್ಟಿಲಿನ ಥರ ಮುಂದೆ ನೋಡುತ್ತ ಇಳಿದರೆ ಹಿಮ್ಮಡಿಯಷ್ಟೇ ಊರುತ್ತದೆ, ತಲೆ ಮೇಲಿನ ಕಬ್ಬಿಣದ ಅಂಚಿಗೆ ಬಡಿಯುತ್ತದೆ. ತಿರುಗಿ ಇಳಿದರೆ ಪಾದದ ಮುಂಭಾಗ ಕೂರುತ್ತದೆ, ಎರಡೂ ಕೈಗೆ ಹಿಡಿತ. 1976ರಲ್ಲಿ ನೌಕಾಪಡೆ ಸೇರಿದ, 39 ಮೀಟರಿಗೂ ತುಸು ಕಡಿಮೆ ಉದ್ದದ ಕ್ಷಿಪಣಿ ದೋಣಿಯಿದು, ಒಳಗೆ ಜಾಗ ಅಷ್ಟಕ್ಕಷ್ಟೇ. ಮಳೆಗಾಲದಲ್ಲಿ ಚಪ್ಪಲಿಯಡಿ ಒದ್ದೆಯಿದ್ದರೆ ಈ ಉಪಾಯವೂ ಜಾರುತ್ತದೆ, ಒರೆಸಿಕೊಂಡೇ ಕಾಲಿಡಿ. ಶಾಲಾ ಮಕ್ಕಳ ದಂಡು ಹಿಂದಿದ್ದರೆ ಅವರನ್ನು ಮುಂದೆ ಬಿಡಿ. ಮಂಡಿನೋವಿನವರು ಕೆಳಗಿಳಿಯುವುದೇ ಬೇಡ. ಡೆಕ್ಕಿನ ಮೇಲೆ ಅಕ್ಕಪಕ್ಕ ಎರಡೆರಡರಂತಿರುವ ಕ್ಷಿಪಣಿ ಉಡಾವಣಾ ಕೊಳವೆಗಳೇ ಅಸಲಿ ನೋಡುವಂಥವು.